ಹಿನ್ನೀರಿನಲ್ಲಿ ಕಟ್ಟಿಟ್ಟ ದೋಣಿಯನ್ನು ಮಿರಗದಿಂದ ಶೀಗಿಹುಣ್ಣಿಮೆವರೆಗೆ ಕಾಯುವುದು ಹೇಗೆ?

ಕಾರಹುಣ್ಣಿಮೆ ಹತ್ತಿರ ಬಂದಂತೆ ಆಲಮಟ್ಟಿ ಹಿನ್ನೀರಿನ ದಂಡೆಯ ಊರುಗಳಿಂದ ಪ್ರತಿವರ್ಷ ಒಂದೇ ಪ್ರಶ್ನೆ ಬರುತ್ತದೆ: ಫೈಬರ್ ದೋಣಿಯನ್ನು ಮಳೆಗಾಲದಲ್ಲಿ ನೀರಲ್ಲೇ ಬಿಡಬಹುದೇ? ಬಿಟ್ಟರೆ ಹೇಗೆ ಕಟ್ಟಬೇಕು? ಹರಿಗೋಲಿನವರಿಗೆ ಈ ಚಿಂತೆಯಿಲ್ಲ. ಹೊತ್ತು ತಂದು ಮನೆ ಮುಂದೆ ಬೋರಲು ಹಾಕಿದರೆ ಮುಗಿಯಿತು. 20 ಅಡಿ ಉದ್ದದ ಫೈಬರ್ ದೋಣಿಯ ಬರಿ ಒಡಲೇ 250 ಕೆಜಿ ಆಸುಪಾಸು ತೂಗುತ್ತದೆ. ಯರೆ ಮಣ್ಣು ಒಮ್ಮೆ ನೆನೆಯಿತೆಂದರೆ ಟ್ರ್ಯಾಕ್ಟರ್ ದಂಡೆಗೆ ಇಳಿಯುವುದಿಲ್ಲ. ಹಾಗಾಗಿ ಹೆಚ್ಚಿನ ದೋಣಿಗಳು ಮಳೆಗಾಲವನ್ನು ನೀರಲ್ಲೇ ಕಳೆಯುತ್ತವೆ. ಕಳೆಯಬಹುದು ಕೂಡ, ಆದರೆ ನಾಲ್ಕೈದು ಕೆಲಸ ಮೊದಲೇ ಆಗಿರಬೇಕು.

ದೋಣಿ ಹಾಳಾಗುವುದು ನಡುಹೊಳೆಯಲ್ಲಿ ಕಡಿಮೆ, ಕಟ್ಟಿದ ಜಾಗದಲ್ಲೇ ಹೆಚ್ಚು. ಹಗ್ಗ ಗಿಡ್ಡವಾಗಿ ನೀರು ಏರಿದಾಗ ಮೂತಿ ಜಗ್ಗಿ ಮುಳುಗುತ್ತದೆ. ಇಲ್ಲವೇ ರಾತ್ರಿಯ ಮಳೆನೀರು ಒಳಗೆ ತುಂಬಿಕೊಳ್ಳುತ್ತದೆ. ಅದೂ ಇಲ್ಲವೆಂದರೆ ನೀರು ಸರಿದಾಗ ಮುಳುಗಡೆ ಊರಿನ ಹಳೇ ಗೋಡೆಯ ಮೇಲೆ ಕೂತು ತಳ ಒಡೆಯುತ್ತದೆ. ಮೂರನ್ನೂ ತಪ್ಪಿಸಬಹುದು.

ವಿಡಿಯೋ ನೋಡಿ ಎಂಜಿನ್‌ಗೆ ಆಂಟಿಫ್ರೀಜ್ ಹಾಕಬೇಕೇ ಎಂದು ಕೇಳುವವರೂ ಇದ್ದಾರೆ. ಅದು ಹಿಮ ಬೀಳುವ ನಾಡಿನ ಚಿಂತೆ. ಎಂಜಿನ್ನಿನೊಳಗೆ ಉಳಿದ ನೀರು ಹೆಪ್ಪುಗಟ್ಟಿ ಸುಮಾರು ಶೇ 9ರಷ್ಟು ಹಿಗ್ಗಿ ಲೋಹವನ್ನೇ ಸೀಳುತ್ತದೆ, ಅದಕ್ಕೆ ಅಲ್ಲಿಯವರು ಆ ದ್ರವ ಹಾಕುತ್ತಾರೆ. ವಿಜಯಪುರದಲ್ಲಿ ಎಂಥ ಚಳಿ ಬಿದ್ದರೂ ಹೊಳೆ ಹೆಪ್ಪುಗಟ್ಟುವುದಿಲ್ಲ. ಆ ದುಡ್ಡನ್ನು ಒಳ್ಳೆಯ ಹಗ್ಗಕ್ಕೆ ಹಾಕಿ.

ಮೊದಲು ನೀರಿನ ಲೆಕ್ಕ

ನಮ್ಮಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಹೊಳೆ ಏರುತ್ತದೆ. ಕೃಷ್ಣೆಗೆ ನೀರು ತರುವುದು ಬಾಗಲಕೋಟೆಯ ಮಳೆಯಲ್ಲ, ಮಹಾಬಳೇಶ್ವರ ಮತ್ತು ಕೊಯ್ನಾ ಕಡೆಯ ಸಹ್ಯಾದ್ರಿಯ ಮಳೆ. ಆದ್ದರಿಂದ ಆಕಾಶ ನೋಡಿ ದೋಣಿ ಕಟ್ಟಬೇಡಿ, ಪತ್ರಿಕೆಯ ಅಂಕಿ ನೋಡಿ ಕಟ್ಟಿ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜ್ ದಾಟಿ ಎಷ್ಟು ಬಂತು, ಆಲಮಟ್ಟಿಗೆ ಒಳಹರಿವು ಎಷ್ಟು ಎಂಬ ಮೂರು ಅಂಕಿ ಸಾಕು. ಘಟಪ್ರಭೆಯ ದಂಡೆಯವರು ಹಿಡಕಲ್ ಜಲಾಶಯದ ಹೊರಹರಿವನ್ನೂ ಜೊತೆಗೆ ನೋಡಬೇಕು.

ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯುಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಆಗ ಹಿಡಿಯುವ ನೀರು ಸುಮಾರು 123 ಟಿಎಂಸಿ. ಒಳಹರಿವು ಲಕ್ಷ ದಾಟಿದ ದಿನಗಳಲ್ಲಿ ಮಟ್ಟ ಎಷ್ಟು ಬೇಗ ಏರಬಹುದು ಎಂಬುದನ್ನು ಇದರಿಂದ ಅಂದಾಜು ಮಾಡಬಹುದು.

ಎಲ್ಲರೂ ಮರೆಯುವ ಮಾತು ಇನ್ನೊಂದಿದೆ. ದೊಡ್ಡ ಪ್ರವಾಹ ಬರುವ ಸೂಚನೆ ಸಿಕ್ಕರೆ ಗೇಟು ತೆರೆದು ಜಲಾಶಯದ ಮಟ್ಟವನ್ನು ಮೊದಲೇ ಇಳಿಸುತ್ತಾರೆ. ಅಂದರೆ ನಟ್ಟನಡು ಮಳೆಗಾಲದಲ್ಲೂ ನೀರು ದಿಢೀರನೆ ಹಿಂದೆ ಸರಿಯಬಹುದು, ಮತ್ತೆ ನುಗ್ಗಬಹುದು. ದಂಡೆಗೆ ತಾಗಿಸಿ ಕಟ್ಟಿದ ದೋಣಿ ಇಳಿಜಾರಿನಲ್ಲಿ ಓರೆಯಾಗಿ ಕೂರುತ್ತದೆ. ನೀರು ಮರಳಿ ಏರಿದಾಗ ಕೆಳಗಿನ ಅಂಚಿನಿಂದ ಒಳಗೆ ಹೊಕ್ಕು, ದೋಣಿ ಏಳುವ ಮೊದಲೇ ತುಂಬಿಬಿಡುತ್ತದೆ.

ಬೇಕಾಗುವ ಸಾಮಾನು

20 ಅಡಿ ದೋಣಿಗೆ 12ರಿಂದ 14 ಮಿಮೀ ದಪ್ಪದ ನೈಲಾನ್ ಹಗ್ಗ 25 ಮೀಟರಿನ ಎರಡು ತುಂಡು, 8 ಅಥವಾ 10 ಮಿಮೀ ಜಿಂಕ್ ಲೇಪದ ಸರಪಳಿ 4 ಮೀಟರ್, ಮೂರು ಶ್ಯಾಕಲ್, ಅಂದರೆ ಅಡ್ಡ ಪಿನ್ ಇರುವ ಯು ಆಕಾರದ ಕೊಂಡಿ, ದೋಣಿ ಕಟ್ಟಲು ತಳದಲ್ಲಿ ಹೂಳುವ ಕಟ್ಟುಕಲ್ಲು, ಮುಚ್ಚಳ ಭದ್ರವಾಗಿರುವ 20 ಲೀಟರಿನ ಖಾಲಿ ಕ್ಯಾನು ಎಂಟು, ದಪ್ಪ ತಾಡಪಾಲು, ಎರಡು ಬಿದಿರು ಗಳ, ತಳದ ತೂತಿಗೆ ಒಂದು ಹೆಚ್ಚಿನ ಬೂಚು, ಲೈಫ್ ಜಾಕೆಟ್.

ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗವನ್ನು ಇದಕ್ಕೆ ಬಳಸಬೇಡಿ. ಅದು ತೇಲುತ್ತದೆ, ಹಾದುಹೋಗುವ ದೋಣಿಯ ಪಂಕಕ್ಕೆ, ಅಂದರೆ ಪ್ರೊಪೆಲ್ಲರಿಗೆ, ಸುತ್ತಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಬಿಸಿಲಿಗೆ ಬೇಗ ಸೀದು ಹೋಗುತ್ತದೆ. ನೈಲಾನ್ ಸ್ವಲ್ಪ ಹಿಗ್ಗುವುದರಿಂದ ಅಲೆಯ ಜಗ್ಗಾಟವನ್ನು ತಾನೇ ನುಂಗುತ್ತದೆ.

ಹಂತ 1: ಜಾಗ ಆರಿಸುವುದು

ಹೊಳೆ ತಿರುಗುವ ಕಡೆ ಒಳಮಗ್ಗುಲಲ್ಲಿ ಸೆಳವು ಕಡಿಮೆ, ಹೊರಮಗ್ಗುಲಲ್ಲಿ ಹೆಚ್ಚು. ಒಳಮಗ್ಗುಲನ್ನೇ ಆರಿಸಿ. ಹಳ್ಳ ಬಂದು ಕೂಡುವ ಬಾಯಿ ಬೇಡ, ಉತ್ತರಿ ಹಸ್ತ ಮಳೆಯಲ್ಲಿ ಒಂದೇ ತಾಸಿನಲ್ಲಿ ಹಳ್ಳ ಬಂದು ಜಾಲಿಕಂಟಿಗಳನ್ನೆಲ್ಲ ದೋಣಿಯ ಮೇಲೆ ತಂದು ಒಟ್ಟುತ್ತದೆ. ಕಡಿದಾದ ಯರೆ ದಂಡೆಯ ಕೆಳಗೂ ಬೇಡ. ನೀರು ಏರಿದಾಗ ನೆನೆದು ಭಾರವಾದ ಯರೆ, ನೀರು ಬೇಗ ಇಳಿದರೆ ಒತ್ತಾಸೆ ಇಲ್ಲದೆ ಹೆಂಟೆ ಹೆಂಟೆಯಾಗಿ ಕುಸಿಯುತ್ತದೆ.

ಪಂಪ್‌ಸೆಟ್ಟಿನ ಪೈಪಿಗೆ, ಮೋಟಾರಿನ ತೆಪ್ಪಕ್ಕೆ, ವಿದ್ಯುತ್ ಕಂಬಕ್ಕೆ ಎಂದಿಗೂ ದೋಣಿ ಕಟ್ಟಬೇಡಿ. ದಂಡೆಯ ಪಂಪ್‌ಸೆಟ್ಟುಗಳ ಕೇಬಲ್ ನೀರಲ್ಲಿ ಬಿದ್ದಿರುತ್ತದೆ, ಜೋಡಣೆ ಸಡಿಲಾಗಿದ್ದರೆ ಸುತ್ತಲಿನ ನೀರಿಗೇ ಕರೆಂಟು ಇಳಿಯುತ್ತದೆ. ಮೇಲಿನ ತಂತಿಯನ್ನೂ ಗಮನಿಸಿ: ನೀರು ನಾಲ್ಕು ಮೀಟರ್ ಏರಿದರೆ ತಂತಿ ನಾಲ್ಕು ಮೀಟರ್ ಹತ್ತಿರ ಬಂದಂತೆ. ಗಳ ಎತ್ತಿದರೆ ತಾಗುವಂತಿದ್ದರೆ ಆ ಜಾಗ ಬಿಡಿ.

ಮುಳುಗಡೆ ಊರಿನ ಗೋಡೆ, ಬಾವಿ ಕಟ್ಟೆ, ಗುಡಿಯ ಪೌಳಿ ಎಲ್ಲೆಲ್ಲಿವೆ ಎಂದು ಹಿರಿಯರನ್ನು ಕೇಳಿಕೊಳ್ಳಿ. ಯಾವ ನಕಾಶೆಗಿಂತಲೂ ಅವರ ನೆನಪು ಖಚಿತ. ಬೇಸಿಗೆಯಲ್ಲಿ ಅವು ತೆರೆದುಕೊಂಡಾಗ ನಿಮ್ಮ ಕಣ್ಣಾರೆ ನೋಡಿ ಬನ್ನಿ.

ಹಂತ 2: ಕಟ್ಟುಕಲ್ಲು ಇಡುವುದು

ಇದು ಇಡೀ ಕೆಲಸದ ಬುನಾದಿ. ಸಮಾಧಾನದಿಂದ ಮಾಡಿ.

ನಮ್ಮ ಹಿನ್ನೀರಿಗೆ ಒಂದು ಅನುಕೂಲವಿದೆ. ಬೇಸಿಗೆಯಲ್ಲಿ ತಳವೇ ಬರಿದಾಗುತ್ತದೆ. ನೀರಿನೊಳಗೆ ಲಂಗರು ಎಸೆದು ಕೂತಿತೋ ಇಲ್ಲವೋ ಎಂದು ಊಹಿಸಬೇಕಿಲ್ಲ. ಮೇ ತಿಂಗಳಲ್ಲಿ ಟ್ರ್ಯಾಕ್ಟರಿನಲ್ಲಿ ಕಲ್ಲು ತಂದು ಬೇಕಾದಲ್ಲೇ ಹೂಳಬಹುದು. ಆದರೆ ದಂಡೆ ಸಪಾಟಾಗಿರುವುದರಿಂದ ನೀರಿನ ಅಂಚು ತಿಂಗಳೊಪ್ಪತ್ತಿನಲ್ಲಿ ನೂರಾರು ಮೀಟರ್ ಆಚೆ ಹೋಗುತ್ತದೆ. ಒಂದೇ ಕಲ್ಲನ್ನು ನೆಚ್ಚಿದರೆ ದೋಣಿ ಕೈಗೆ ಸಿಗದಷ್ಟು ದೂರವಾಗುತ್ತದೆ. ಆದ್ದರಿಂದ ಬೇರೆ ಬೇರೆ ಎತ್ತರದಲ್ಲಿ ಎರಡು ಮೂರು ಕಲ್ಲು ಇಡಿ.

ಎತ್ತರ ಗುರುತಿಸಲು ಸರ್ವೇಯರ್ ಬೇಡ, ನೀರೇ ಮಟ್ಟಗೋಲು. ನೀರು ಇಳಿಯುವ ಕಾಲದಲ್ಲಿ, ಹರಿವು ನಿಂತು ಹಿನ್ನೀರು ಶಾಂತವಾಗಿರುವಾಗ, ಪತ್ರಿಕೆಯಲ್ಲಿ ಆಲಮಟ್ಟಿ ಮಟ್ಟ 516.50 ಮೀಟರ್ ಎಂದು ಬಂದ ದಿನ ನೀರಿನ ಅಂಚಿಗೆ ಹೋಗಿ ಒಂದು ಗೂಟ ಬಡಿಯಿರಿ. 514.00 ಎಂದು ಬಂದ ದಿನ ಇನ್ನೊಂದು. ಮೇ ತಿಂಗಳಲ್ಲಿ ಆ ಗೂಟಗಳ ಬಳಿ ಕಲ್ಲು ಹೂಳಿ. ಜಲಾಶಯ ತುಂಬಿದಾಗ ಮೇಲಿನ ಕಲ್ಲಿನ ಮೇಲೆ 3.10 ಮೀಟರ್, ಕೆಳಗಿನದರ ಮೇಲೆ 5.60 ಮೀಟರ್ ನೀರು ನಿಲ್ಲುತ್ತದೆ. ಲೆಕ್ಕ ಬಾಯಲ್ಲೇ ಸಿಗುತ್ತದೆ.

ಕಲ್ಲಿನ ತೂಕದ ಬಗ್ಗೆ ಒಂದು ಎಚ್ಚರಿಕೆ. ನೀರಿನಲ್ಲಿ ಕಲ್ಲು ಹಗುರಾಗುತ್ತದೆ. 200 ಕೆಜಿಯ ಕಾಂಕ್ರೀಟ್ ದಿಮ್ಮಿ ನೀರಿನಲ್ಲಿ ಸುಮಾರು 115 ಕೆಜಿಯಷ್ಟೇ ಕೆಲಸ ಮಾಡುತ್ತದೆ. ಅದೇ ತೂಕದ ಗ್ರಾನೈಟ್ ಸುಮಾರು 125 ಕೆಜಿಯಷ್ಟು. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ಬಳಸದ ದಿಮ್ಮಿ ಸಿಕ್ಕರೆ ಅದೇ ಒಳ್ಳೆಯದು. ಬಾದಾಮಿ ಕಡೆಯ ಮರಳುಗಲ್ಲು ಇದಕ್ಕಿಂತ ಹಗುರ. ಕಾಂಕ್ರೀಟ್ ಸುರಿಯುವುದಾದರೆ ಟ್ರ್ಯಾಕ್ಟರಿನ ಹಳೇ ಟೈರನ್ನೇ ಅಚ್ಚು ಮಾಡಿ, ನಡುವೆ 20 ಮಿಮೀ ಕಬ್ಬಿಣದ ಸಲಾಕೆಯನ್ನು ಯು ಆಕಾರಕ್ಕೆ ಬಗ್ಗಿಸಿ, ಕಾಲುಗಳ ತುದಿ ಹೊರಕ್ಕೆ ಮಡಚಿ ಇಡಿ. ನೇರ ಕಾಲು ಬಿಟ್ಟರೆ ಜಗ್ಗಿ ಜಗ್ಗಿ ಕಿತ್ತು ಬರುತ್ತದೆ. ಯರೆ ಮಣ್ಣಿನಲ್ಲಿ ಅರ್ಧ ಹೂತ ಕಲ್ಲನ್ನು ಮಣ್ಣೇ ಹೀರಿ ಹಿಡಿಯುತ್ತದೆ. ಕಲ್ಲುಹಾಸಿನ ತಳವಾದರೆ ಆ ಹಿಡಿತ ಸಿಗದು, ತೂಕ ಹೆಚ್ಚಿಸಬೇಕು.

ಹಂತ 3: ಸರಪಳಿ, ಹಗ್ಗ, ಗಂಟು

ಕಲ್ಲಿಗೆ ಶ್ಯಾಕಲ್, ಶ್ಯಾಕಲ್ಲಿಗೆ ಸರಪಳಿ, ಸರಪಳಿಯ ತುದಿಗೆ ಮತ್ತೊಂದು ಶ್ಯಾಕಲ್, ಅದಕ್ಕೆ ಹಗ್ಗ. ಸರಪಳಿ ತಳದಲ್ಲಿ ಬಿದ್ದಿರುವುದರಿಂದ ಎಳೆತ ಅಡ್ಡಡ್ಡ ಬೀಳುತ್ತದೆ, ಕಲ್ಲನ್ನು ಮೇಲಕ್ಕೆ ಎತ್ತುವುದಿಲ್ಲ. ಚೂಪು ಕಲ್ಲಿಗೆ ಹಗ್ಗ ಉಜ್ಜುವುದೂ ತಪ್ಪುತ್ತದೆ. ಶ್ಯಾಕಲ್ಲಿನ ಪಿನ್ ಬಿಗಿದ ಮೇಲೆ ಅದರ ಕಣ್ಣಿಗೂ ಕೊಂಡಿಗೂ ಸೇರಿಸಿ ಜಿಐ ತಂತಿ ಸುತ್ತಿ. ದೋಣಿ ಹಗಲಿರುಳು ಅಲುಗುತ್ತದೆ, ತಂತಿ ಇಲ್ಲದ ಪಿನ್ ತಿಂಗಳೊಳಗೆ ತಾನೇ ಬಿಚ್ಚಿಕೊಳ್ಳುತ್ತದೆ.

ಹಗ್ಗದ ಉದ್ದ: ಅತಿ ಹೆಚ್ಚು ನೀರು ನಿಂತಾಗಿನ ಆಳಕ್ಕೆ ಒಂದು ಮೀಟರ್ ಸೇರಿಸಿ, ಅದರ ಮೂರೂವರೆ ಪಟ್ಟು. 514 ಮೀಟರಿನ ಕಲ್ಲಿಗೆ 5.60ಕ್ಕೆ ಒಂದು ಸೇರಿ 6.60, ಅದರ ಮೂರೂವರೆ ಪಟ್ಟು 23 ಮೀಟರ್. ಅದಕ್ಕೇ 25 ಮೀಟರ್ ಎಂದದ್ದು. ಜಮಖಂಡಿ, ರಬಕವಿ ಕಡೆಯವರು ಒಂದು ಮೀಟರ್ ಬದಲು ಮೂರು ಮೀಟರ್ ಸೇರಿಸಿಕೊಳ್ಳಿ. ಪ್ರವಾಹ ಹರಿಯುವಾಗ ಹಿನ್ನೀರು ತಟ್ಟೆಯಂತೆ ಸಪಾಟಾಗಿರುವುದಿಲ್ಲ, ಮೇಲ್ಗಡೆ ಎತ್ತರ, ಅಣೆಕಟ್ಟಿನ ಕಡೆ ತಗ್ಗು. ಅಣೆಕಟ್ಟಿನ ಅಂಕಿ ನಿಮ್ಮ ದಂಡೆಯ ಮಟ್ಟವನ್ನು ಕಡಿಮೆ ತೋರಿಸುತ್ತದೆ.

ಗೂಟ ಬಡಿದಿಲ್ಲ, ಇದೇ ವರ್ಷ ಕಟ್ಟಬೇಕು ಎನ್ನುವವರು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಇಂದಿನ ಆಳ ಅಳೆಯಿರಿ. 519.60ರಲ್ಲಿ ಇಂದಿನ ಜಲಾಶಯ ಮಟ್ಟ ಕಳೆದು ಆ ಆಳಕ್ಕೆ ಕೂಡಿಸಿ. ಮುಂದಿನ ಲೆಕ್ಕ ಅದೇ.

ನೀರು ಕಡಿಮೆಯಿದ್ದಾಗ ಇಷ್ಟುದ್ದದ ನೈಲಾನ್ ಹಗ್ಗ ತಳಕ್ಕೆ ಬಿದ್ದು ಮೊಂಡು ಬೇರುಗಳಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಹಗ್ಗವೂ ಗಿಡ್ಡ ಹಗ್ಗವೂ ಒಂದೇ. ನಡುಮಧ್ಯಕ್ಕೆ 5 ಲೀಟರಿನ ಖಾಲಿ ಕ್ಯಾನೊಂದನ್ನು ಕಟ್ಟಿದರೆ ಹಗ್ಗ ಮೇಲೆತ್ತಿಕೊಂಡಿರುತ್ತದೆ.

ದೋಣಿಯನ್ನು ಮುಂತುದಿಯ ಕಬ್ಬಿಣದ ಬಳೆಗೇ ಕಟ್ಟಬೇಕು. ಕೂರುವ ಹಲಗೆಗೆ ಕಟ್ಟಿದರೆ ಹಲಗೆ ಕಿತ್ತು ಬರುತ್ತದೆ. ಹಿಂಬದಿಯಿಂದ ಕಟ್ಟಿದರಂತೂ ಎಂಜಿನ್ ಕೂರುವ ತಗ್ಗಿನಿಂದ ಸೆಳವಿನ ನೀರು ನೇರ ಒಳಗೆ. ಎರಡೂ ತುದಿಗೆ ಹಗ್ಗ ಹಾಕಿ ದೋಣಿಯನ್ನು ಹರಿವಿಗೆ ಅಡ್ಡಲಾಗಿ ನಿಲ್ಲಿಸುವುದೂ ಅಷ್ಟೇ ಅಪಾಯ. ಒಂದೇ ಕಡೆ ಕಟ್ಟಿ, ಮೂತಿ ತಾನಾಗಿ ಹರಿವಿಗೆ ಎದುರಾಗಲಿ. ಎರಡನೇ ಹಗ್ಗ ಅದೇ ಬಳೆಯಿಂದ ಅದೇ ಕಲ್ಲಿಗೆ, ಮೊದಲಿನದಕ್ಕಿಂತ ಒಂದು ಮೀಟರ್ ಸಡಿಲಾಗಿರಲಿ. ಮೊದಲಿನದು ಹರಿದ ದಿನ ಅದು ಹಿಡಿಯುತ್ತದೆ.

ಗಂಟು ಬೋಲೈನ್ ಇರಲಿ. ಎಷ್ಟು ಜಗ್ಗಿದರೂ ಕುಣಿಕೆ ಕಿರಿದಾಗುವುದಿಲ್ಲ, ನೆನೆದ ಮೇಲೂ ಬಿಚ್ಚುತ್ತದೆ. ಹಗ್ಗದಲ್ಲಿ ಸಣ್ಣ ಕಣ್ಣು ಮಾಡಿ, ತುದಿಯನ್ನು ಕೆಳಗಿನಿಂದ ಕಣ್ಣಿನೊಳಗೆ ತನ್ನಿ, ಉದ್ದ ಹಗ್ಗದ ಬೆನ್ನ ಹಿಂದೆ ಸುತ್ತಿಸಿ, ಮತ್ತೆ ಅದೇ ಕಣ್ಣಿನೊಳಗೆ ಇಳಿಸಿ ಬಿಗಿಯಿರಿ. ತುದಿ ಒಂದು ಗೇಣು ಉಳಿದಿರಲಿ. ಹಗ್ಗ ದೋಣಿಯ ಅಂಚಿಗೆ ಉಜ್ಜುವ ಕಡೆ ಪಂಪ್‌ಸೆಟ್ಟಿನ ಹಳೇ ಡೆಲಿವರಿ ಪೈಪನ್ನು ಮೊಳದುದ್ದ ಕತ್ತರಿಸಿ, ಸೀಳಿ, ತೊಡಿಸಿ ಕಟ್ಟಿ.

ಹಂತ 4: ಎಂಜಿನ್ ಮನೆಗೆ

ಬಳಸದ ದಿನಗಳಲ್ಲಿ ಔಟ್‌ಬೋರ್ಡ್ ಎಂಜಿನ್ ದೋಣಿಯಲ್ಲಿರಬಾರದು. ಅದರ 35-40 ಕೆಜಿ ಹಿಂಬದಿಯನ್ನು ತಗ್ಗಿಸುತ್ತದೆ, ಬಿದ್ದ ಮಳೆನೀರೆಲ್ಲ ಅಲ್ಲೇ ಸೇರುತ್ತದೆ, ಇನ್ನಷ್ಟು ತಗ್ಗುತ್ತದೆ.

ಬಿಚ್ಚುವ ಮೊದಲು ಪೆಟ್ರೋಲ್ ಪೈಪು ಕಳಚಿ ಎಂಜಿನ್ ತಾನೇ ಆರುವವರೆಗೆ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹೆಚ್ಚಾದಾಗ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಕಾರ್ಬ್ಯುರೇಟರ್ ಕೆಡುವುದು ಇದರಿಂದಲೇ. ತಿಂಗಳಿಗಿಂತ ಹೆಚ್ಚು ಪೆಟ್ರೋಲ್ ಇಡಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಎರಡು ಚಹಾ ಚಮಚ 2ಟಿ ಎಣ್ಣೆ ಹಾಕಿ, ಹಗ್ಗ ನಾಲ್ಕು ಸಲ ನಿಧಾನ ಎಳೆದು ಪ್ಲಗ್ ಹಾಕಿ. ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿದರೆ ಉಳಿದ ನೀರು ಸಿಲಿಂಡರಿನ ಕಡೆ ಹರಿಯಬಹುದು.

ಪಂಕದ ಮೇಲಿನ ಗೇರ್ ಪೆಟ್ಟಿಗೆಯ ಕೆಳಗಿನ ತಿರುಪನ್ನು ಸ್ವಲ್ಪ ಸಡಿಲಿಸಿ, ನಾಲ್ಕು ಹನಿಯನ್ನು ಬೆರಳ ಮೇಲೆ ಹಿಡಿದು ನೋಡಿ. ಎಣ್ಣೆ ತಿಳಿಯಾಗಿದ್ದರೆ ಸರಿ. ಹಾಲು ಹೆಚ್ಚಾದ ಚಹಾದಂತೆ ಇದ್ದರೆ ಸೀಲು ಹೋಗಿ ನೀರು ಹೊಕ್ಕಿದೆ. ಹಾಗೇ ಇಟ್ಟರೆ ಮಳೆಗಾಲ ಮುಗಿಯುವುದರೊಳಗೆ ಬೇರಿಂಗು ತುಕ್ಕು ಹಿಡಿಯುತ್ತದೆ. ಸೀಲು ಹಾಕಿಸಿ, ಹೊಸ ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನ ತೂತಿನಿಂದ ಹೊರಬರುವವರೆಗೆ. ಮೇಲಿನಿಂದ ಹಾಕಿದರೆ ಒಳಗೆ ಗಾಳಿ ಉಳಿಯುತ್ತದೆ.

ಹಂತ 5: ಮಳೆನೀರು

ಒಂದು ಚದರ ಮೀಟರಿನ ಮೇಲೆ ಒಂದು ಮಿಮೀ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ದೋಣಿಯ ಬಾಯಿ ಸುಮಾರು 7 ಚದರ ಮೀಟರ್. ಒಂದು ರಾತ್ರಿ 100 ಮಿಮೀ ಸುರಿದರೆ 700 ಲೀಟರ್, ಅಂದರೆ 700 ಕೆಜಿ. ಅದು ಸುಮ್ಮನೆ ಕೂರುವ ಭಾರವಲ್ಲ, ದೋಣಿ ಓರೆಯಾದ ಕಡೆಗೆಲ್ಲ ಓಡಿ ಇನ್ನಷ್ಟು ಓರೆ ಮಾಡುತ್ತದೆ.

ತಾಡಪಾಲನ್ನು ಸಪಾಟಾಗಿ ಹಾಸಬೇಡಿ, ನಡುವೆ ನೀರು ಹೊಂಡಗಟ್ಟಿ ಭಾರಕ್ಕೆ ತಾಡಪಾಲೇ ಹರಿದುಹೋಗುತ್ತದೆ. ಉದ್ದಕ್ಕೆ ಬಿದಿರು ಗಳ ಕಟ್ಟಿ ಮನೆಯ ಮಾಳಿಗೆಯಂತಲ್ಲ, ಗುಡಿಸಿಲಿನ ಸೂರಿನಂತೆ ಇಳಿಜಾರು ಮಾಡಿ. ಅಂಚು ದೋಣಿಯ ಹೊರಗೆ ಒಂದು ಗೇಣು ಇಳಿದಿರಲಿ. ಮುಂದೆ ಹಿಂದೆ ಗಾಳಿಯಾಡಲು ಬಿಡಿ.

ಬ್ಯಾಟರಿ ಪಂಪು ಇಡುವುದಾದರೆ ದೊಡ್ಡದು ಬೇಡ. 12 ವೋಲ್ಟಿನ, ಗಂಟೆಗೆ 1,900 ಲೀಟರ್ ಎಂದು ಬರೆದ ಸಣ್ಣ ಪಂಪು ಎತ್ತರಕ್ಕೆ ತಳ್ಳುವಾಗ ಅಷ್ಟು ಕೊಡುವುದಿಲ್ಲ, ಆದರೂ 700 ಲೀಟರನ್ನು ಮುಕ್ಕಾಲು ಗಂಟೆಯೊಳಗೆ ತೆಗೆಯುತ್ತದೆ. ಎರಡೂವರೆ ಆಂಪಿಯರ್ ಎಳೆದರೆ ಎರಡು ಆಂಪಿಯರ್-ಅವರ್ ಕೂಡ ಖರ್ಚಾಗುವುದಿಲ್ಲ. ಒಳ್ಳೆಯ ಸ್ಥಿತಿಯ 7 ಆಂಪಿಯರ್-ಅವರ್ ಬ್ಯಾಟರಿ, ಕಂಟ್ರೋಲರ್ ಜೊತೆ 20 ವಾಟಿನ ಸೋಲಾರ್ ಫಲಕ, ಬ್ಯಾಟರಿಯ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಸಾಕು. ನೀರು ಏರಿದಾಗ ತಾನೇ ಚಾಲೂ ಆಗುವ ತೇಲುಗುಂಡಿನ ಸ್ವಿಚ್ಚಿಗೆ ಎಲೆ, ಬಲೆಯ ಚೂರು ಸಿಕ್ಕಿ ನಿಂತುಬಿಡುವುದೇ ಹೆಚ್ಚು. ದೋಣಿಗೆ ಹೋದಾಗಲೆಲ್ಲ ಕೈಯಿಂದ ಎತ್ತಿ ನೋಡಿ. ಪೈಪಿನ ಬಾಯಿ ಹೊಳೆಯ ನೀರಿಗಿಂತ ಮೇಲಿರಲೇಬೇಕು, ಇಲ್ಲದಿದ್ದರೆ ಪಂಪು ನಿಂತ ಮೇಲೆ ಹೊರಗಿನ ನೀರೇ ಒಳಗೆ ಹರಿಯುತ್ತದೆ.

ಇನ್ನು ಎಂಟು ಕ್ಯಾನುಗಳ ವಿಷಯ. ನೀರು ತುಂಬಿದ 250 ಕೆಜಿಯ ಫೈಬರ್ ಒಡಲನ್ನು ಮುಳುಗದಂತೆ ಹಿಡಿಯಲು ಸುಮಾರು 90 ಕೆಜಿಯ ಎತ್ತುಬಲ ಸಾಕು, ಫೈಬರಿನ ತೂಕದ ಬಹುಪಾಲನ್ನು ನೀರೇ ಹೊರುತ್ತದೆ. ಬಿರುಡೆ ಬಿಗಿದ 20 ಲೀಟರಿನ ಒಂದು ಕ್ಯಾನು ಹೆಚ್ಚುಕಡಿಮೆ 19 ಕೆಜಿ ಎತ್ತುತ್ತದೆ. ಎಂಟನ್ನು ಕೂರುವ ಹಲಗೆಗಳ ಕೆಳಗೆ ಎಡಬಲ ಸಮನಾಗಿ, ಅಲುಗದಂತೆ ಬೆಲ್ಟಿನಿಂದ ಬಿಗಿದರೆ ದೋಣಿ ತುಂಬಿದರೂ ಅಂಚು ಕಾಣುವಂತೆ ತೇಲುತ್ತಿರುತ್ತದೆ. ಕಡಿಮೆ ಖರ್ಚಿನ ಕೆಲಸ, ಆದರೆ ದೋಣಿ ಉಳಿಸುವುದರಲ್ಲಿ ಇದರಷ್ಟು ನೆಚ್ಚಬಹುದಾದದ್ದು ಬೇರೊಂದಿಲ್ಲ. ದಯವಿಟ್ಟು ಇದನ್ನು ಬಿಡಬೇಡಿ.

ಹಂತ 6: ಎರಡು ದಿನಕ್ಕೊಮ್ಮೆ ನೋಡುವುದು

ಜೋರು ಮಳೆಯಾದರೆ ಮರುದಿನ ಬೆಳಿಗ್ಗೆಯೇ. ಹಗ್ಗ ಉಜ್ಜುವ ಜಾಗದ ಪೈಪು ಸರಿಸಿ, ಎರಡೂ ಹೆಬ್ಬೆರಳಿನಿಂದ ಹಗ್ಗವನ್ನು ಹುರಿಯ ಎದುರು ದಿಕ್ಕಿಗೆ ತಿರುಚಿ ಬಾಯಿ ಬಿಡಿಸಿ. ಒಳಗಿನ ಎಳೆ ಬೆಳ್ಳಗೆ, ನುಣುಪಾಗಿದ್ದರೆ ಇನ್ನೂ ಜೀವವಿದೆ. ಬೂದುಬಣ್ಣದ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಸಿಕ್ಕ ಮರಳು ಎಳೆಗಳನ್ನು ಕೊಯ್ಯುತ್ತಿದೆ, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅಷ್ಟು ಭಾಗ ಕತ್ತರಿಸಿ ಹೊಸದಾಗಿ ಗಂಟು ಹಾಕಿ.

ಮೂತಿಗೆ ಸಿಕ್ಕ ಅಂತರಗಂಗೆ, ಜಾಲಿಕಂಟಿ, ಕಬ್ಬಿನ ರವದಿ ಬಿಡಿಸಿ. ಸಣ್ಣ ಗುಪ್ಪೆ ಎರಡು ದಿನದಲ್ಲಿ ಹೊಳೆಯ ಎಳೆತವನ್ನೆಲ್ಲ ಹಗ್ಗದ ಮೇಲೆ ಹೇರುತ್ತದೆ. ಇದನ್ನು ಗಳದಿಂದ ಮಾಡಿ, ಕೈಯಿಂದಲ್ಲ: ಹಾವು ಇರುತ್ತವೆ, ಕೃಷ್ಣೆಯಲ್ಲಿ ಮೊಸಳೆಯೂ ಇವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಮೊಣಕಾಲುದ್ದ ನೀರಿಗೂ ಒಬ್ಬರೇ ಇಳಿಯಬೇಡಿ. ಅರ್ಧ ತುಂಬಿದ ದೋಣಿಯೊಳಗೆ ಕಾಲಿಡಬೇಡಿ, ನಿಮ್ಮ ಭಾರಕ್ಕೆ ನೀರೆಲ್ಲ ಒಂದು ಕಡೆ ಓಡಿ ಮಗುಚುತ್ತದೆ. ಹೊರಗಿನಿಂದ, ಇನ್ನೊಂದು ದೋಣಿಯಲ್ಲಿ ಕೂತು, ಲೈಫ್ ಜಾಕೆಟ್ ತೊಟ್ಟು ತೋಡಿ. ಸೆಳವು ಜೋರಾಗಿ ಜಿಲ್ಲಾಡಳಿತ ಹೊಳೆಗಿಳಿಯಬೇಡಿ ಎಂದ ದಿನ ದೋಣಿ ಹೋದರೆ ಹೋಗಲಿ, ನೀವು ಹೋಗಬೇಡಿ.

ಹಂತ 7: ನೀರು ಸರಿಯುವಾಗ

ಶೀಗಿಹುಣ್ಣಿಮೆ ದಾಟಿದ ಮೇಲೆ ಎಚ್ಚರ ಸಡಿಲುತ್ತದೆ. ಮುಂದಿನ ತಿಂಗಳುಗಳಲ್ಲಿ ಕಾಲುವೆಗೆ, ವಿದ್ಯುತ್ತಿಗೆ ನೀರು ಬಿಟ್ಟಂತೆ ಮಟ್ಟ ನಿಧಾನವಾಗಿ ಇಳಿಯುತ್ತದೆ. ಮೇಲಿನ ಕಲ್ಲಿನ ಬಳಿ ಒಂದೂವರೆ ಮೀಟರ್ ಆಳ ಉಳಿದಾಗಲೇ ದೋಣಿಯನ್ನು ಕೆಳಗಿನ ಕಲ್ಲಿಗೆ ಸಾಗಿಸಿ. ಬಿಟ್ಟ ಕಲ್ಲಿನ ಸರಪಳಿಗೆ ಬಣ್ಣದ ಕ್ಯಾನು ಕಟ್ಟಿ, ಮುಂದಿನ ವರ್ಷ ಹುಡುಕಬೇಕಾಗುವುದಿಲ್ಲ.

ಫೆಬ್ರವರಿ-ಮಾರ್ಚಿನಲ್ಲಿ ದೋಣಿ ದಂಡೆಗೇರಿಸಿ, ಬೂಚು ತೆಗೆದು, ಬೋರಲು ಹಾಕಿ ಎರಡು ವಾರ ಒಣಗಲು ಬಿಡಿ. ಒಣಗದ ಫೈಬರಿನ ಮೇಲೆ ತೇಪೆ ನಿಲ್ಲುವುದಿಲ್ಲ. ಬಿರುಕಿನ ಸುತ್ತ ಐದು ಸೆಂಟಿಮೀಟರ್ ಒರಟಾಗಿ ಉಜ್ಜಿ, ಚದರ ಮೀಟರಿಗೆ 450 ಗ್ರಾಂ ತೂಗುವ ಫೈಬರ್ ಮ್ಯಾಟ್ ಎರಡು ಮೂರು ಪದರ ಹಾಕಿ, ಪ್ರತಿ ಪದರ ಹಿಂದಿನದಕ್ಕಿಂತ ಅಗಲವಾಗಿರಲಿ. ರಾಳಕ್ಕೆ ಮೊದಲು ಕೋಬಾಲ್ಟ್, ಅಂದರೆ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ, ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಗಟ್ಟಿಕಾರಕ. ಕೋಬಾಲ್ಟನ್ನೂ ಗಟ್ಟಿಕಾರಕವನ್ನೂ ನೇರವಾಗಿ ಒಂದರೊಳಗೊಂದು ಸುರಿದರೆ ಬೆಂಕಿ ಹತ್ತಿ ಸಿಡಿಯುತ್ತದೆ. ಎರಡಕ್ಕೂ ಒಂದೇ ಅಳತೆ ಲೋಟವನ್ನೂ ಬಳಸಬೇಡಿ. ಗಟ್ಟಿಕಾರಕ ಕಿಲೋ ರಾಳಕ್ಕೆ 10ರಿಂದ 20 ಗ್ರಾಂ, ನಮ್ಮ ಮಾರ್ಚ್ ಬಿಸಿಲಿಗೆ 10 ಗ್ರಾಂ ಸಾಕು, ಹೆಚ್ಚಾದರೆ ಬಳಿಯುವ ಮೊದಲೇ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಬೆಳಿಗ್ಗೆ ಹತ್ತರೊಳಗೆ ಬಳಿಯುವ ಕೆಲಸ ಮುಗಿಸಿ, ಕೈಗವಸು, ಕನ್ನಡಕ ಹಾಕಿಕೊಂಡು, ನೆರಳಲ್ಲಿ.